ಮೊದಲ ಬಾಯಿ

ಮಕ್ಕಳು ಗಲಾಟೆ ಮಾಡುತ್ತವೆ ಎಂದು ದೂರುವವರನ್ನು ಕಂಡರೆ ನನಗೆ ಒಳಗೊಳಗೇ ನಗು. ಗಲಾಟೆ ಮಾಡದ ಮಕ್ಕಳನ್ನು ಅವರು ಕಂಡಿಲ್ಲ, ಅದಕ್ಕೇ ದೂರುತ್ತಾರೆ. ನಾನು ಕಂಡಿದ್ದೇನೆ. ಒಂದು ಕೋಣೆ ತುಂಬ ಮೂರನೇ ಕ್ಲಾಸಿನ ಮಕ್ಕಳು, ಸೂರ್ಯ ನೆತ್ತಿಯ ಮೇಲಿರುವ ಹೊತ್ತು, ಗೋಡೆಯ ಮೇಲಿನ ಹಲ್ಲಿ ನುಂಗಿದ್ದು ಕೇಳಿಸುವ ಹಾಗೆ ಕೂತಿದ್ದನ್ನು ಕಂಡಿದ್ದೇನೆ. ಅವತ್ತಿನಿಂದ ಪಕ್ಕದ ಮನೆಯ ಮಕ್ಕಳು ಬೆಳಿಗ್ಗೆ ಎದ್ದು ಒಂದರ ಜುಟ್ಟು ಇನ್ನೊಂದು ಹಿಡಿದು ಕಿರುಚಿಕೊಂಡರೆ ನನಗೆ ಬಿಸಿ ಕಾಫಿ ಕುಡಿದಷ್ಟು ಸಮಾಧಾನ.

ಮೊದಲೇ ಹೇಳಿಬಿಡುತ್ತೇನೆ, ನಾನು ಓದಿದವಳಲ್ಲ. ಶಾಲೆಯ ಹಿಂದೆ ಹುಣಸೆ ಮರದ ಕೆಳಗೆ ಉಪ್ಪಿಟ್ಟು ಕೆದಕುತ್ತ, ಕಿಟಕಿಯಿಂದ ಆಚೆ ಬಿದ್ದ ಅಕ್ಷರಗಳನ್ನು ಆರಿಸಿಕೊಂಡವಳು. ಒತ್ತಕ್ಷರ ಬಂದ ಕಡೆ ನನ್ನ ಕೈ ಕಲ್ಲಿಗೆ ಸಿಕ್ಕ ಗಾಡಿಯ ಹಾಗೆ ನಿಲ್ಲುತ್ತದೆ. ಇನ್ನು ದೆವ್ವ ಭೂತದ ವಿಚಾರ. ನಾನು ನಂಬುವವಳಲ್ಲ. ನನ್ನ ಗಂಡ ಸತ್ತ ಮೇಲೆ ಅದೇ ಹುಣಸೆ ಮರದಲ್ಲಿ ಕೂತಿದ್ದಾನೆ ಎಂದು ಊರಲ್ಲಿ ಹಬ್ಬಿಸಿದರು. ಬದುಕಿದ್ದಾಗ ಒಂದು ದಿನ ಮರ ಹತ್ತಿ ನಾಲ್ಕು ಹುಣಸೆಕಾಯಿ ಉದುರಿಸದ ಗಂಡಸು ಸತ್ತ ಮೇಲೆ ಹತ್ತುತ್ತಾನಾ ಎಂದು ನಾನು ಕೇಳಿದೆ. ಆಮೇಲೆ ಯಾರೂ ಆ ಸುದ್ದಿ ಎತ್ತಲಿಲ್ಲ. ನನ್ನ ಬಾಯಿ ಅಂಥದ್ದು. ನಾನು ಬೀದಿಗೆ ಬಂದರೆ ನಾಯಿ ಕೂಡ ಮಾತು ಬೇಡ ಎಂದು ಆ ಕಡೆ ದಾಟುತ್ತಿತ್ತು. ಇದನ್ನು ಹೊಗಳಿಕೊಳ್ಳಲು ಹೇಳುತ್ತಿಲ್ಲ. ಮುಂದೆ ಆ ಬಾಯಿಗೆ ಏನಾಯಿತು ಎಂದು ಹೇಳಬೇಕಲ್ಲ, ಅದಕ್ಕೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನಮ್ಮೂರು ಬೈರಕೂರಿನಿಂದಲೂ ಆಚೆ, ಗಟ್ಟಿಯಾಗಿ ಕೂಗಿದರೆ ಆಂಧ್ರದವರು ಓಗೊಡುವಷ್ಟು ದೂರದಲ್ಲಿದೆ. ಶಾಲೆಗೆ ಅಮೆರಿಕದಿಂದ ಹಳದಿ ರವೆ ಮೂಟೆಯಲ್ಲಿ ಬರುತ್ತಿತ್ತು. ಅದನ್ನು ಬೇಯಿಸಿ ಮಕ್ಕಳಿಗೆ ಹಾಕುವುದು ನನ್ನ ಕೆಲಸ. ಮಕ್ಕಳು ನನ್ನನ್ನು ಉಪ್ಪಿಟ್ಟಮ್ಮ ಎನ್ನುತ್ತಿದ್ದವು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆ. ಹೀಗೆ ಬೆಳಿಗ್ಗೆ ಹುಳಕ್ಕೆ ಸೊಪ್ಪು, ಮಧ್ಯಾಹ್ನ ಮಕ್ಕಳಿಗೆ ಉಪ್ಪಿಟ್ಟು. ಎರಡೂ ಒಂದೇ. ತಿನ್ನುತ್ತವೆ, ಬೆಳೆಯುತ್ತವೆ, ಒಂದು ಥ್ಯಾಂಕ್ಸ್ ಇಲ್ಲ. ಹುಳ ಕೊನೆಗೆ ಗೂಡಾದರೂ ಕೊಡುತ್ತದೆ.

ಅಂಥ ಊರಿಗೆ ಕೋಲಾರದ ಟ್ರೈನಿಂಗ್ ಶಾಲೆಯಿಂದ, ಪಾಠ ಮಾಡುವುದನ್ನು ಕಲಿಯಲು, ವನಜಾಕ್ಷಿ ಎಂಬ ಹುಡುಗಿ ಬಂದಳು. ಲಕ್ಕೂರಿನ ಕಡೆಯವಳು. ಒಂದು ತಗಡಿನ ಪೆಟ್ಟಿಗೆ, ಸುರುಳಿ ಸುತ್ತಿದ ಚಿತ್ರಪಟಗಳು, ಬೋರ್ಡು ತೋರಿಸಲು ಒಂದು ಬೆತ್ತ. ಒಂಟಿ ಹೆಂಗಸಿನ ಮನೆ, ಭದ್ರ ಎಂದು ಹೆಡ್ಮೇಷ್ಟ್ರು ಅವಳನ್ನು ನನ್ನ ಮನೆಗೆ ಅಂಟಿಸಿದರು. ಬಂದ ಸಂಜೆ ನಡುಮನೆಯಲ್ಲಿ ಕೂತವಳು ಒಂದು ಸಮನೆ ಕಿವಿಗೊಟ್ಟು, ಮುಖ ಬಿಳಿಚಿಕೊಂಡು ಕೇಳಿದಳು:

“ಅಮ್ಮಾ, ಆ ಕೋಣೇಲಿ ಯಾರಿದಾರೆ? ಏನೋ ಸರಸರ ಅಂತೈತೆ.”

“ಹುಳ ಕಣೇ. ಸೊಪ್ಪು ಮೇಯ್ತಾವೆ.”

“ಮಳೆ ಬಂದಂಗೆ ಕೇಳಿಸ್ತದೆ.”

“ದೆವ್ವ ಅಂದ್ಕೊಂಡ್ಯಾ? ದೆವ್ವ ಇಷ್ಟು ತಿನ್ನಲ್ಲ ಬಿಡು.”

ಹುಡುಗಿ ಒಳ್ಳೆಯವಳು. ಆದರೆ ಧ್ವನಿ ಮಾತ್ರ ಹೊಸ ಕೊಡದಲ್ಲಿ ತಳದ ನೀರು ಅಲುಗಿದ ಹಾಗೆ, ಒಳಗೇ ಉಳಿದುಬಿಡುತ್ತಿತ್ತು. ಅಂಥವಳ ಕೈಗೆ ಮೂರನೇ ಕ್ಲಾಸು ಕೊಟ್ಟರು. ಆ ಕ್ಲಾಸಿನ ಮಕ್ಕಳ ಬಗ್ಗೆ ಹೇಳಬೇಕೆಂದರೆ ಹೆಡ್ಮೇಷ್ಟ್ರೇ ಆ ಕೋಣೆಯ ಒಳಕ್ಕೆ ಕಾಲಿಟ್ಟು ಎಷ್ಟೋ ಕಾಲವಾಗಿತ್ತು. ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು, ಅಲ್ಲಿಂದಲೇ ಬೆತ್ತ ಆಡಿಸುತ್ತಿದ್ದರು. ವನಜ ಬೋರ್ಡಿನ ಕಡೆ ತಿರುಗಿದರೆ ಹಿಂದಿನ ಸಾಲು ಕಿಟಕಿಯಿಂದ ಆಚೆ. ಹಾಜರಿ ಕೂಗಿದರೆ ಒಬ್ಬನ ಹೆಸರಿಗೆ ನಾಲ್ಕು ಜನ ಓಗೊಡುತ್ತಿದ್ದರು. ಪಾತ್ರೆಗೆ ಕಲಾಯಿ ಹಾಕುವ ಸಾಬರ ಮಗಳು ನೂರಿ ಎಂಬ ಗಟ್ಟಿಗಂಟಲಿನ ಹುಡುಗಿ ಇದ್ದಳು. ಪಾಠದ ನಡುವೆ ಅವಳಿಗೆ ಬೇಜಾರಾದರೆ ಅವರಪ್ಪ ಬೀದಿಯಲ್ಲಿ ಕೂಗುವ ಹಾಗೆ “ಕಲಾಯೀ... ಪಾತ್ರೆಗೆ ಕಲಾಯೀ...” ಎಂದು ಎತ್ತುತ್ತಿದ್ದಳು. ಒಂದು ಸಲ ಬೀದಿಯ ಹೆಂಗಸೊಬ್ಬಳು ನಿಜವೆಂದು ತಪ್ಪಲೆ ಹಿಡಿದುಕೊಂಡು ಕ್ಲಾಸಿಗೇ ಬಂದುಬಿಟ್ಟಳು.

ವನಜಳಿಗೆ ಟ್ರೈನಿಂಗಿನಲ್ಲಿ ಇದಕ್ಕೆಲ್ಲ ಔಷಧಿ ಹೇಳಿಕೊಟ್ಟಿದ್ದರು. ತರಗತಿ ನಿರ್ವಹಣೆ ಎಂದು ಅದಕ್ಕೆ ಹೆಸರಂತೆ. ಮಕ್ಕಳು ಗದ್ದಲ ಮಾಡಿದರೆ ಟೀಚರು ಮಾತು ನಿಲ್ಲಿಸಿ, ಅವರನ್ನೇ ನೋಡುತ್ತ ನಿಲ್ಲಬೇಕಂತೆ. ನಿಂತಳು. ಗಂಟೆ ಹೊಡೆಯುವವರೆಗೂ ನಿಂತಳು. “ಟೀಚರು ನಿಂತ್ಕಂಡೇ ನಿದ್ದೆ ಮಾಡ್ತಾವ್ರೆ ಕಣ್ಲಾ” ಎಂದು ಒಬ್ಬ ಹೇಳಿದ ಮೇಲೆ ಪಾಪ, ಅವಳ ನಿದ್ದೆ ಕೆಡಬಾರದೆಂದು ಎಲ್ಲರೂ ಆಚೆ ಹೋಗಿ ಆಡಿದರು. ಒಳ್ಳೆಯ ಮಗುವನ್ನು ಎಲ್ಲರ ಎದುರು ಹೊಗಳಬೇಕು ಎನ್ನುವುದು ಇನ್ನೊಂದು ಔಷಧಿ. ಹೊಗಳಿಸಿಕೊಂಡವನಿಗೆ ಮಿಕ್ಕವರು ಬಾವಿಯ ಹತ್ತಿರ ಗುದ್ದಿದರು. ಮಾರನೆಯ ದಿನದಿಂದ ಒಳ್ಳೆಯವನಾಗಲು ಒಬ್ಬನೂ ತಯಾರಿಲ್ಲ. ನಾನು ಹೇಳಿದೆ, “ಒಬ್ಬನಿಗೆ ಸರಿಯಾಗಿ ಬಾರಿಸು, ಉಳಿದವು ಮುಚ್ಕೊಂತವೆ.” ಅವಳು ತಲೆ ಅಲ್ಲಾಡಿಸಿದಳು. “ಹೊಡೆದ್ರೆ ಮಾರ್ಕು ಹೋಗ್ತದೆ ಅಮ್ಮ.”

ಮಾರ್ಕು ಅವಳಿಗೆ ಬರೀ ಮಾರ್ಕಾಗಿರಲಿಲ್ಲ. ತಿಂಗಳ ಕೊನೆಗೆ ಟ್ರೈನಿಂಗ್ ಶಾಲೆಯ ಮೇಷ್ಟ್ರೊಬ್ಬರು ಬಂದು, ಅವಳು ಪಾಠ ಮಾಡುವುದನ್ನು ಹಿಂದಿನ ಸಾಲಿನಲ್ಲಿ ಕೂತು ನೋಡುವವರಿದ್ದರು. ಹಿಂದಿನ ವರ್ಷ ಬೇರೆ ಊರಿನ ಶಾಲೆಯಲ್ಲಿ ಹೀಗೇ ನೋಡಿ ಫೇಲು ಮಾಡಿದ್ದರು. ಮೇಷ್ಟ್ರ ಎದುರಿಗೇ ಮಕ್ಕಳು ಎದ್ದು ಆಟಕ್ಕೆ ಹೋಗಿದ್ದವಂತೆ. ಇದು ಎರಡನೆಯ ಸಲ, ಕೊನೆಯ ಸಲ. ಅವಳಪ್ಪ ಸ್ಪಷ್ಟವಾಗಿ ಹೇಳಿದ್ದ: ಪಾಸಾದರೆ ಟೀಚರು, ಇಲ್ಲದಿದ್ದರೆ ಮಾವ. ಮಾವನೆಂದರೆ ಮಾಲೂರಿನ ಹತ್ತಿರ ಇಟ್ಟಿಗೆ ಗೂಡು ಇಟ್ಟುಕೊಂಡಿದ್ದ ಅವಳ ತಾಯಿಯ ತಮ್ಮ. ಹೆಂಡತಿ ಸತ್ತವನು, ನಲವತ್ತು ದಾಟಿದವನು.

“ನೋಡೋಕೆ ಹೆಂಗವ್ನೆ?” ಎಂದು ಕೇಳಿದೆ.

“ಇಟ್ಟಿಗೆ ತರ.”

“ಬೆಂದಿದ್ದೋ, ಹಸಿಯೋ?”

ಅವಳು ನಗಲು ಹೋಗಿ ಅತ್ತಳು. ಅಳುವವರಿಗೆ ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. “ಅನ್ನ ಆರೋಗ್ತದೆ, ಉಣ್ಣು” ಎಂದೆ.

ಆ ವಾರವೇ ನಮ್ಮ ಮನೆಗೆ ಮುನೆಂಕಟಪ್ಪ ಬಂದ. ಅವನು ಬಾಯಿ ಕಟ್ಟುವವನು. ಹುಳ ಸಾಕದವರಿಗೆ ಇದು ಗೊತ್ತಿರುವುದಿಲ್ಲ. ಹುಳದ ತಟ್ಟೆಗೆ ಇರುವೆ ಹತ್ತಿದರೆ ಒಂದು ಬೆಳಗಿನೊಳಗೆ ಬೆಳೆ ಹೋಯಿತು. ತಟ್ಟೆ ಜೋಡಿಸಿದ ಅಟ್ಟಣೆಯ ಕಾಲಿಗೆ ನೀರಿನ ಬಟ್ಟಲು ಇಡುತ್ತೇವೆ, ಆದರೂ ಬರುತ್ತವೆ. ಅದಕ್ಕೆ ಇರುವೆಯ ಬಾಯಿ ಕಟ್ಟಿಸುವುದು. ಅವನು ಬೂದಿ ಮಂತ್ರಿಸಿ ಕೋಣೆಯ ನಾಲ್ಕು ಮೂಲೆಗೂ ಒಂದೊಂದು ಚಿಟಿಕೆ ಇಡುತ್ತಾನೆ. ಇಡುವಾಗ ಯಾರೂ ಉಸಿರೆತ್ತಬಾರದು. ಹೊಲದಲ್ಲಿ ಹಕ್ಕಿಗೂ ಕಟ್ಟುತ್ತಾನೆ, ತೋಟದಲ್ಲಿ ಅಳಿಲಿಗೂ ಕಟ್ಟುತ್ತಾನೆ. ಬೆಳೆ ಕೈಗೆ ಬಂದ ಮೇಲೆ ಅವನೇ ಬಂದು ನೀರು ಚಿಮುಕಿಸಿ ಬಿಚ್ಚಬೇಕು. ಶ್ರೀನಿವಾಸಪುರದ ಕಡೆ ಒಬ್ಬ ಮಾವಿನ ತೋಪಿಗೆ ಕಟ್ಟಿಸಿ ಬಿಚ್ಚಿಸಲು ಮರೆತನಂತೆ. ಮೊದಲು ಅವನ ಹಸು ಹುಲ್ಲು ಮುಟ್ಟಲಿಲ್ಲ, ಆಮೇಲೆ ಅವನ ಅತ್ತೆ ಮಾತು ನಿಲ್ಲಿಸಿದಳು. ಹಸುವಿಗೆ ಮಾತ್ರ ಬಿಚ್ಚಲು ಆಗುತ್ತದೆಯೇ ಎಂದು ಅವನು ಮುನೆಂಕಟಪ್ಪನನ್ನು ಕೇಳಿದನಂತೆ.

ವನಜ ಹೊಸ್ತಿಲಲ್ಲಿ ನಿಂತು ಕಣ್ಣರಳಿಸಿ ನೋಡಿದಳು. ಬೂದಿ ಇಟ್ಟು ಮುಗಿಯುವಷ್ಟರಲ್ಲಿ ಹಿತ್ತಲಲ್ಲಿ ಒಣಹಾಕಿದ್ದ ಅವಳ ಸೀರೆಯ ಸೆರಗನ್ನು ಮೇಕೆ ಮೇಯುತ್ತಿದೆ ಎಂದು ಓಡಿದಳು. ಈಚೆ ಮುನೆಂಕಟಪ್ಪ ಯಾವತ್ತಿನಂತೆ ನನ್ನ ಹತ್ತಿರ ಒಂದು ಕೋಳಿ ಇಸಿದುಕೊಂಡು, ಕೋಣೆಯ ನಡುವೆ ನಿಂತು, ಅದರ ರೆಕ್ಕೆಯ ಕೆಳಗೆ ಚಿವುಟಿದ. ಅದು ಕೊಕ್ಕೋ ಎಂದು ಅರಚಿತು. “ಮೊದ್ಟಿ ನೋರು ಕೋಡಿದಿ” ಎಂದ ಅವನು. ಮೊದಲ ಬಾಯಿ ಕೋಳಿಯದು ಎಂದು. ಕೋಳಿಯನ್ನು ಚೀಲಕ್ಕೆ ಹಾಕಿಕೊಂಡು, ಉಳಿದ ಬೂದಿಯನ್ನು ತೆಂಗಿನ ಚಿಪ್ಪಿಗೆ ಹಾಕಿ ಗೋಡೆಯ ಗೂಡಿನಲ್ಲಿಟ್ಟು, ಗಡಿಯಾಚೆ ಮಗಳ ಊರಿಗೆ ಹೊರಟುಹೋದ.

ಮಾರನೆಯ ದಿನ ಯಥಾಪ್ರಕಾರ ಹುಣಸೆ ಮರದ ಕೆಳಗೆ ಒಲೆ ಹಚ್ಚಿದೆ. ಹಂಡೆಯ ನೀರು ಕುದಿಯಲು ಶುರುವಾಗಿದ್ದು ಕೇಳಿಸಿತು. ಅಷ್ಟರಲ್ಲಿ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಅಲ್ಲಿ ಕೆಲಸ ಮಾಡಿದ ಅಷ್ಟು ವರ್ಷದಲ್ಲಿ ನೀರು ಕುದಿಯುವುದನ್ನು ನಾನು ಕಣ್ಣಲ್ಲಿ ನೋಡಿದ್ದೆನೇ ಹೊರತು ಕಿವಿಯಲ್ಲಿ ಕೇಳಿರಲಿಲ್ಲ. ರಜ ಇರಬೇಕು, ನನಗೆ ಯಾರೂ ಹೇಳಲಿಲ್ಲ ಎಂದು ಬೈದುಕೊಂಡು ಕಿಟಕಿಗೆ ಹೋಗಿ ಬಗ್ಗಿದೆ. ರಜ ಇರಲಿಲ್ಲ. ಮಕ್ಕಳೆಲ್ಲ ಇದ್ದರು. ಸಾಲಾಗಿ, ಕೈಕಟ್ಟಿ, ತುಟಿ ಒಳಕ್ಕೆ ಎಳೆದುಕೊಂಡು, ಮಣ್ಣಿನ ಗೊಂಬೆ ಒಣಗಿಸಲು ಇಟ್ಟ ಹಾಗೆ ಕೂತಿದ್ದರು. ಕಣ್ಣು ಮಾತ್ರ ಆಡುತ್ತಿದ್ದವು. ನಾನು ಕಿಟಕಿಗೆ ಬಂದಾಗ ಅಷ್ಟೂ ಕಣ್ಣು ಒಟ್ಟಿಗೆ ನನ್ನ ಕಡೆ ತಿರುಗಿದವು, ಒಟ್ಟಿಗೆ ವಾಪಸು ಹೋದವು. ವನಜ ಬೋರ್ಡಿನ ಮೇಲೆ ಮುತ್ತಿನಂಥ ಅಕ್ಷರ ಬರೆಯುತ್ತಿದ್ದಳು. ಮುಖದಲ್ಲಿ ಹೊಸ ಮದುವಣಗಿತ್ತಿಯ ಕಳೆ. ಸೀಮೆಸುಣ್ಣದ ಕಿರಕಿರ ಬಿಟ್ಟರೆ ಲೋಕದಲ್ಲಿ ಇನ್ನೊಂದು ಸದ್ದಿಲ್ಲ.

ಉಪ್ಪಿಟ್ಟಿನ ಗಂಟೆಗೆ ಸಾಲಾಗಿ ಬಂದರು. ದಿನವೂ ತಟ್ಟೆಯಿಂದ ಒಬ್ಬರ ತಲೆಗೆ ಒಬ್ಬರು ಬಾರಿಸಿಕೊಂಡು ಬರುವವರು, ಅವತ್ತು ತಟ್ಟೆಯನ್ನು ಎದೆಗೆ ಒತ್ತಿಕೊಂಡಿದ್ದರು. “ಇನ್ನೊಂದು ಸೌಟು ಬೇಕೇನ್ಲಾ?” ಎಂದು ಒಬ್ಬನನ್ನು ಕೇಳಿದೆ. ದಿನವೂ ಮೂರು ಸೌಟು ತಿನ್ನುವ ಹುಡುಗ ಸುಮ್ಮನೆ ನನ್ನನ್ನು ನೋಡಿದ. ಯಾರದೋ ತಟ್ಟೆಯಿಂದ ಉಪ್ಪಿಟ್ಟು ಚೆಲ್ಲಿತು. ಬಿದ್ದರೆ ಸಾಕು, ಮರದ ಕಾಗೆಗಳು ಮುಗಿಬೀಳುತ್ತಿದ್ದವು. ತಲೆಯೆತ್ತಿ ನೋಡಿದೆ. ಕಾಗೆಗಳು ಇದ್ದವು. ಕೊಂಬೆಯ ಮೇಲೆ ಸಾಲಾಗಿ ಕೂತು ಕೆಳಗೆ ನೋಡುತ್ತಿದ್ದವು, ಒಂದೂ ಇಳಿಯಲಿಲ್ಲ. ಸಂಜೆ ಮನೆಗೆ ಹೋಗುವಾಗಲೂ ಆ ಹಳದಿ ಗುಡ್ಡೆ ಹಾಗೇ ಇತ್ತು. ನನ್ನ ಉಪ್ಪಿಟ್ಟು ಅಷ್ಟು ಕೆಟ್ಟದಾಗಿತ್ತು ಎಂದು ನೀವು ಹೇಳಬಹುದು. ಕಾಗೆಗಳು ಅದಕ್ಕಿಂತ ಮುಂಚೆ ಹಾಗೆ ಹೇಳಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಕೋಣೆ ಗುಡಿಸಲು ಹೋದೆ. ಮೂಲೆಯಲ್ಲಿ ಒಂದು ಚಿಟಿಕೆ ಬೂದಿ. ನಾಲ್ಕು ಮೂಲೆಯಲ್ಲೂ. ಹಿಂದೆ ತಿರುಗಿದರೆ ವನಜ ನಿಂತಿದ್ದಳು. ಅವಳ ಕೈ ಹಿಡಿದು ಬಾವಿಯವರೆಗೆ ಎಳೆದುಕೊಂಡು ಹೋಗಿ ಕೇಳಿದೆ, “ನೀನೇನೇ?”

“ಒಂದೊಂದು ಚಿಟಿಕೆ ಅಮ್ಮ, ಚಿಪ್ಪಿನಲ್ಲಿ ಉಳಿದಿತ್ತಲ್ಲ. ಬೆಳಿಗ್ಗೆ ಯಾರೂ ಬರೋಕೆ ಮುಂಚೆ ಬಂದು ಇಟ್ಟೆ. ತಮಾಷೆಗೆ.”

“ಇರುವೆಗೆ ಮಂತ್ರಿಸಿದ್ದನ್ನ ಮಕ್ಕಳಿಗೆ ಇಕ್ತೀಯೇನೇ?”

“ಸುಮ್ಮನಿದಾರಲ್ಲ ಅಮ್ಮ! ಒಂದಿನಾನಾದ್ರೂ ನನ್ನ ದನಿ ನನಗೇ ಕೇಳಿಸ್ತು.” ಅವಳು ನಗುತ್ತಿದ್ದಳು. ನಾನು ಬೂದಿ ಗುಡಿಸಿ ಆಚೆ ಹಾಕಿದೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಮರುದಿನ ಮತ್ತೆ ಅದೇ ಮೌನ. ಇದಕ್ಕಿಂತ ಹೆಚ್ಚಿನ ತೊಂದರೆಯೆಂದರೆ, ಮೇಷ್ಟ್ರ ಎದುರಿಗೆ ಮಾಡಬೇಕಾದ ಪಾಠ ಪ್ರಾಣಿಗಳ ಕೂಗು. ವನಜ ಕತ್ತೆ, ಹಸು, ನಾಯಿ, ಕೋಳಿ ಎಲ್ಲದರ ಚಿತ್ರಪಟ ಬರೆದುಕೊಂಡು ಬಂದಿದ್ದಳು. ಅವಳು ತೋರಿಸಬೇಕು, ಮಕ್ಕಳು ಕೂಗಬೇಕು. ಮಕ್ಕಳು ಬಾಯಿ ಬಿಟ್ಟು ಉತ್ತರ ಹೇಳದಿದ್ದರೆ ಆ ಪಾಠಕ್ಕೆ ಸೊನ್ನೆ. ಕತ್ತೆಯ ಚಿತ್ರ ತೋರಿಸಿ “ಇದು ಹೇಗೆ ಕೂಗುತ್ತದೆ?” ಎಂದು ಕೇಳಿದಳು. ನಾನು ಕಿಟಕಿಯ ಆಚೆ ಸೌಟು ಹಿಡಿದು ನಿಂತೇ ಇದ್ದೆ. ಯಾರೂ ಕೂಗಲಿಲ್ಲ. ಮತ್ತೆ ಕೇಳಿದಳು. ಮಕ್ಕಳು ಕತ್ತೆಯನ್ನು ನೋಡಿದರು, ಅವಳನ್ನು ನೋಡಿದರು. ಕೊನೆಗೆ ಅವಳೇ ಆ ಸಣ್ಣ ದನಿಯಲ್ಲಿ ಕತ್ತೆಯ ಹಾಗೆ ಕೂಗಿ ತೋರಿಸಿದಳು. ಖಾಲಿ ಮನೆಯಲ್ಲಿ ಕೂಗಿದ ಹಾಗಿತ್ತು. ಒಂದು ಮಗುವೂ ನಗಲಿಲ್ಲ. ಟೀಚರು ಕತ್ತೆಯ ಹಾಗೆ ಅರಚಿದರೂ ನಗದ ಮಕ್ಕಳನ್ನು ನೋಡಿ ನನ್ನ ಬೆನ್ನ ಮೇಲೆ ಇರುವೆ ಹರಿದ ಹಾಗಾಯಿತು. ಮೇಷ್ಟ್ರು ಬರುವುದು ಮಾರನೆಯ ದಿನ.

ಸಂಜೆ ಓಣಿಯಲ್ಲಿ ನೂರಿಯನ್ನು ಹಿಡಿದುಕೊಂಡೆ. ಶಾಲೆಯ ಗೇಟು ದಾಟಿದ್ದರಿಂದ ಅವಳಿಗೆ ಮಾತು ಬಂದಿತ್ತು, ಇನ್ನೊಂದು ಹುಡುಗಿಯ ಜೊತೆ ಗೋಲಿಗೆ ಜಗಳವಾಡುತ್ತಿದ್ದಳು.

“ಲೇ ನೂರಿ, ಕ್ಲಾಸಲ್ಲಿ ಯಾಕೇ ಬಾಯಿ ಬಿಡಲ್ಲ?”

ಅವಳು ಶಾಲೆಯ ಕಡೆ ಒಂದು ಸಲ ತಿರುಗಿ ನೋಡಿ, ನನ್ನ ಕಿವಿಯ ಹತ್ತಿರ ಬಂದಳು. “ಮುರ್ಗೀ ನೈ ಚಿಲ್ಲಾಯೀ. ಕೋಳಿ ಕೂಗಿಲ್ಲ ಉಪ್ಪಿಟ್ಟಮ್ಮ.”

ಆಗ ನನಗೆ ಅರ್ಥವಾಯಿತು. ಬೂದಿ ಇಟ್ಟ ಕೋಣೆಯಲ್ಲಿ, ಇಟ್ಟವರನ್ನು ಬಿಟ್ಟು, ಮೊದಲು ಯಾರ ಬಾಯಿ ತೆರೆಯುತ್ತದೋ ಕಟ್ಟು ಅವರ ಮೇಲೆ ಕೂರುತ್ತದೆ ಎನ್ನುವುದು ನಮ್ಮ ಕಡೆ ಹುಳ ಸಾಕುವ ಮನೆಯ ಕೂಸಿಗೂ ಗೊತ್ತು. ಅದಕ್ಕೇ ಕೋಳಿಯನ್ನು ಚಿವುಟಿ ಕೂಗಿಸಿ, ಕಟ್ಟನ್ನು ಅದರ ತಲೆಗೆ ಕಟ್ಟಿ ಕಳಿಸುವುದು. ಆ ಕೋಳಿ ಮತ್ತೆ ಕೂಗಿದ್ದನ್ನು ಕೇಳಿದವರಿಲ್ಲ. ಹೇಗೆ ಕೂಗುತ್ತದೆ, ಮುನೆಂಕಟಪ್ಪ ಅವತ್ತೇ ಸಾರು ಮಾಡಿರುತ್ತಾನೆ. ಲಕ್ಕೂರಿನ ಹುಡುಗಿ ಬೂದಿ ನೋಡಿದಳು, ಮೇಕೆಯ ಹಿಂದೆ ಓಡಿ ಕೋಳಿ ಕೂಗಿಸಿದ್ದನ್ನು ನೋಡದೆ ಹೋದಳು. ಈಗ ಆ ಕೋಣೆಯಲ್ಲಿ ಮೊದಲ ಬಾಯಿಯ ಜಾಗ ಖಾಲಿ ಇತ್ತು. ತಾನು ಮೊದಲಾಗಬಾರದೆಂದು ಒಂದೊಂದು ಮಗುವೂ ಕಾಯುತ್ತಿತ್ತು.

“ನೀವೆಲ್ಲ ಎಲ್ಲಿಂದ ನೋಡಿದ್ರೇ?”

“ಹುಣಸೆ ಮರದ ಮೇಲೆ ಇದ್ವಿ. ಟೀಚರು ಮೂಲೆ ಮೂಲೆಗೂ ಇಟ್ರು. ಇಡ್ತಾ ಏನೋ ಗುಣಗುಣ ಗುಣಗುಣ ಅಂತಿದ್ರು. ಗಂಡಸಿನ ದನಿ.”

ಮನೆಗೆ ಬಂದು ವನಜಳಿಗೆ ಎಲ್ಲ ಹೇಳಿದೆ. ಅವಳು ಗೋಡೆಗೆ ಒರಗಿಬಿಟ್ಟಳು. “ಕೋಳಿ ಅವನ ಕೂಲಿ ಅಂದ್ಕೊಂಡಿದ್ದೆ ಅಮ್ಮ.” ಆಮೇಲೆ, “ಆದ್ರೆ ನಾನೇನೂ ಗುಣಗುಣ ಅನ್ಲಿಲ್ಲ. ಬಾಯೇ ಬಿಟ್ಟಿಲ್ಲ” ಎಂದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಒಳಕೋಣೆಯಲ್ಲಿ ಹುಳ ಸರಸರ ತಿನ್ನುತ್ತಿದ್ದವು. ಮಕ್ಕಳು ಮರದ ಮೇಲೆ ಹೆದರಿ ಏನೇನೋ ಕೇಳಿಸಿಕೊಂಡಿರುತ್ತವೆ ಎಂದೆ. ಗಟ್ಟಿಯಾಗಿಯೇ ಎಂದೆ.

“ನಾಳೆ ಸೊನ್ನೆ” ಎಂದಳು ಅವಳು. “ನಾಡಿದ್ದು ಇಟ್ಟಿಗೆ.”

“ಸುಮ್ನಿರೆ. ಕೋಳಿ ತಾನೇ? ನನ್ನ ಹತ್ರ ಇನ್ನೊಂದೈತೆ.”

ಇನ್ನೊಂದು ಎಂದರೆ ನನ್ನ ಕರಿ ಕೋಳಿ. ಅದರ ಬಾಯಿ ನನ್ನ ಬಾಯಿಯಂಥದ್ದೇ. ಮೊಟ್ಟೆ ಇಟ್ಟರೆ ಕೂಗು, ಇಡದಿದ್ದರೆ ಕೂಗು, ಪಕ್ಕದ ಮನೆಯ ಕೋಳಿ ಇಟ್ಟರೂ ಕೂಗು. ಬೆಳಿಗ್ಗೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಲೆಗೆ ಹೋದೆ. ದಾರಿಯುದ್ದಕ್ಕೂ ಅದು ಬೈಯುತ್ತಲೇ ಬಂತು. ಗೇಟಿನ ಹತ್ತಿರ ಒಂದು ಸಲ ಕೊಕ್ಕೋ ಎಂದಿತು. ಮೂರನೇ ಕ್ಲಾಸಿನ ಹೊಸ್ತಿಲು ದಾಟಿದೆ. ಸುಮ್ಮನಾಯಿತು.

ಮಕ್ಕಳು ಸಾಲಾಗಿ ಕೂತಿದ್ದರು. ವನಜ ಚಿತ್ರಪಟ ನೇತುಹಾಕುತ್ತಿದ್ದಳು. ಎಲ್ಲರ ಕಣ್ಣೂ ಕೋಳಿಯ ಮೇಲೆ ಬಂದು ನಿಂತವು. ಅವಕ್ಕೆ ಗೊತ್ತಾಯಿತು ನಾನು ಯಾಕೆ ತಂದೆ ಎಂದು. ಕೋಣೆಯ ನಡುವೆ ನಿಂತು ರೆಕ್ಕೆಯ ಕೆಳಗೆ ಚಿವುಟಿದೆ. ಅದು ಕೂಗಲಿಲ್ಲ. ಇನ್ನೂ ಜೋರಾಗಿ ಚಿವುಟಿದೆ. ಕತ್ತು ಹೊರಳಿಸಿ ಒಂದು ಕಣ್ಣಿನಿಂದ ನನ್ನನ್ನು ನೋಡಿತು. ಅಷ್ಟು ವರ್ಷ ನನ್ನ ಕಾಳು ತಿಂದ ಕೋಳಿ ಹಾಗೆ ನೋಡಿದ್ದಿಲ್ಲ. ನೀನು ಕೂಗು ನೋಡೋಣ ಎನ್ನುವ ಹಾಗೆ ನೋಡಿತು. ಪುಕ್ಕ ಕಿತ್ತೆ. ಕೊಕ್ಕು ಬಿಗಿಯಾಗಿ ಮುಚ್ಚಿಕೊಂಡಿತು.

ಆಗ ನನಗೆ ಹೊಳೆಯಿತು, ಇದಕ್ಕೆ ಕೋಳಿಯೇ ಯಾಕೆ? ಮಂತ್ರ ತಂತ್ರ ನಂಬದ ಹೆಂಗಸು ನಾನೇ ಇದ್ದೇನಲ್ಲ. “ಏನ್ರೋ, ಯಾಕ್ರೋ ಹಿಂಗೆ ಕೂತಿದ್ದೀರಾ” ಎಂದು ಒಂದು ಮಾತು ಅಂದರೆ ಆಯಿತು, ಮಕ್ಕಳ ಭಯ ಹೋಗುತ್ತದೆ, ಹುಡುಗಿ ಬದುಕಿಕೊಳ್ಳುತ್ತಾಳೆ. ವನಜಳಿಗೂ ಅದೇ ಹೊಳೆದಿರಬೇಕು, ನನ್ನ ಕಡೆ ನೋಡಿ ಕೈ ಮುಗಿದಳು. ನಾನು ಬಾಯಿ ತೆರೆಯಲು ಹೋದೆ. ಮಕ್ಕಳೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನ್ನ ನಾಲಗೆ ಒಳಗೆ ಬಿಸಿಲಿಗೆ ಒಣಗಿದ ಚಪ್ಪಲಿಯ ಹಾಗೆ ಬಿದ್ದಿತ್ತು. ಹೊರಗೆ ಗಾಳಿ ಇರಲಿಲ್ಲ. ಕೋಳಿಯ ಎದೆಯೋ ನನ್ನ ಎದೆಯೋ, ಕಂಕುಳ ಹತ್ತಿರ ಡಬಡಬ ಬಡಿಯುತ್ತಿತ್ತು. ಸತ್ತ ಗಂಡನ ದೆವ್ವಕ್ಕೇ ಬೈದ ಬಾಯಿ, ಊರ ಪಟೇಲನನ್ನು ಸಂತೆಯಲ್ಲಿ ನಿಲ್ಲಿಸಿ ಕೇಳಿದ ಬಾಯಿ, ಅವತ್ತು ತೆರೆಯಲಿಲ್ಲ. ಅದೇ ತೆರೆಯಲಿಲ್ಲವೋ, ನಾನು ತೆರೆಯಲಿಲ್ಲವೋ, ಅದನ್ನು ನೀವು ಕೇಳಬಾರದು, ನಾನು ಹೇಳಬಾರದು.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಜಗುಲಿಯಲ್ಲಿ ಹೆಡ್ಮೇಷ್ಟ್ರು ಕುರ್ಚಿ ಬಿಟ್ಟೆದ್ದ ಸದ್ದಾಯಿತು. ಬಿಳಿ ಪ್ಯಾಂಟು, ಕನ್ನಡಕ, ಕೈಯಲ್ಲಿ ಚರ್ಮದ ಚೀಲ, ಕೋಲಾರದ ಮೇಷ್ಟ್ರು ಹೊಸ್ತಿಲಲ್ಲಿ ನಿಂತಿದ್ದರು. ಅವರು ಮೊದಲು ಮಕ್ಕಳನ್ನು ನೋಡಿದರು. ಸಾಲಾಗಿ, ಕೈಕಟ್ಟಿ, ಉಸಿರಿಲ್ಲದೆ ಕೂತ ಮೂರನೇ ಕ್ಲಾಸು. ಅವರ ಹುಬ್ಬು ಮೇಲೆ ಹೋಯಿತು. ಬೋರ್ಡು ನೋಡಿದರು. ಆಮೇಲೆ ಕೋಣೆಯ ನಡುವೆ ಗೊಂಬೆಯ ಹಾಗೆ ನಿಂತ ನನ್ನನ್ನು, ನನ್ನ ಕಂಕುಳಲ್ಲಿದ್ದ ಕೋಳಿಯನ್ನು ನೋಡಿದರು. ಒಳಗೆ ಕಾಲಿಟ್ಟರು. ಮಕ್ಕಳ ಕಣ್ಣು ನನ್ನ ಬಾಯಿ ಬಿಟ್ಟು ಅವರ ಬಾಯಿಯ ಮೇಲೆ ಹೋಗಿ ಕೂತವು. ವನಜಳಿಗೆ ಏನು ಮಾಡುವುದೋ ತಿಳಿಯಲಿಲ್ಲ. ತಡೆಯಲು ಕೈ ಎತ್ತಿದಳು, ಎತ್ತಿದ ಕೈಯಲ್ಲೇ ನಮಸ್ಕಾರ ಮಾಡಿದಳು.

“ಇದೇನಮ್ಮ ಕೋಳಿ?” ಎಂದರು ಮೇಷ್ಟ್ರು.

ಅಷ್ಟೇ. ಕೆರೆಯ ಕಟ್ಟೆ ಒಡೆದ ಹಾಗೆ, ಆ ಕ್ಷಣಕ್ಕೆ ಮೂರನೇ ಕ್ಲಾಸು ಒಡೆಯಿತು. ಮೊದಲು ನೂರಿ “ಕೊಕ್ಕೊಕ್ಕೋ!” ಎಂದಳು. ಆಮೇಲೆ ಎಲ್ಲರೂ. ಎರಡು ದಿನ ಅದುಮಿಟ್ಟ ಬಾಯಿಗಳು. ನನ್ನ ಕೋಳಿಯೂ ರೆಕ್ಕೆ ಬಡಿದು ಅರಚಿಕೊಂಡು ನನ್ನ ಮುಖ ಕೆರೆದು ಕಿಟಕಿಯಿಂದ ಹಾರಿತು. “ಬೋಧನೋಪಕರಣ ಸರ್!” ಎಂದು ವನಜ ಕೂಗಿದಳು. ಆ ಗದ್ದಲದ ಮೇಲೆ ಅವಳ ದನಿ ಕೇಳಿಸಿದ್ದು ಅದೇ ಮೊದಲು. ಬೆತ್ತ ಎತ್ತಿ ಕತ್ತೆ ತೋರಿಸಿದಳು, ಊರ ಕತ್ತೆಗಳು ಓಗೊಡುವ ಹಾಗೆ ಕೂಗಿದರು. ಹಸು ತೋರಿಸಿದಳು, ಅಂಬಾ ಎಂದರು. ನಾಯಿ ತೋರಿಸಿದಳು, ಹೊರಗೆ ನಿಜವಾದ ನಾಯಿ ಬಂದು ನಿಂತಿತು. ಬೆತ್ತ ಇಳಿಸಿದರೆ ನಿಲ್ಲುತ್ತಿದ್ದರು, ಎತ್ತಿದರೆ ಕೂಗುತ್ತಿದ್ದರು. ಮಾವನ ಇಟ್ಟಿಗೆ ಗೂಡು ಅವಳ ಬೆನ್ನ ಹಿಂದಿನಿಂದ ದೂರ ದೂರ ಹೋಗುವುದು ನನಗೆ ಕಾಣಿಸಿತು.

ಮೇಷ್ಟ್ರು? ಅವರು ಏನೋ ಹೇಳಲು ಬಾಯಿ ತೆರೆದರು. ಕೆಮ್ಮು ಬಂತು. ಕೈಯಿಂದ ನೀರು ತೋರಿಸಿದರು. ನಾನು ಚೊಂಬು ಕೊಟ್ಟೆ. ಕುಡಿದು, ಹಿಂದಿನ ಸಾಲಿನಲ್ಲಿ ಕೂತು, ತಲೆಯಾಡಿಸುತ್ತ ಬರೆದರು. ಮುಗಿದ ಮೇಲೆ ಕಾಗದವನ್ನು ಹೆಡ್ಮೇಷ್ಟ್ರ ಕೈಗಿಟ್ಟು, ಕೈಮುಗಿದು, ಬಸ್ಸಿಗೆ ಹೋದರು. ಒಂದು ಮಾತು ಆಡಲಿಲ್ಲ. ಕಂಡಕ್ಟರು “ಎಲ್ಲಿಗೆ ಸಾರ್” ಎಂದಾಗ ಕೋಲಾರದ ದಿಕ್ಕಿಗೆ ಬೆರಳು ತೋರಿಸಿದರಂತೆ. ಸೀಮೆಸುಣ್ಣದ ಧೂಳಿಗೆ ಗಂಟಲು ಕಟ್ಟಿರಬೇಕು ಎಂದರು ಹೆಡ್ಮೇಷ್ಟ್ರು. ಇರಬಹುದು. ಮುನೆಂಕಟಪ್ಪ ಮಗಳ ಊರಿಂದ ಬಂದ ಮೇಲೆ ಅವನನ್ನು ಕೇಳಿದೆ. ತಾನು ಇರುವೆಗೆ ಮಾತ್ರ ಮಂತ್ರ ಹೇಳಿದ್ದು, ಮಕ್ಕಳಿಗೆ ಹೇಳಿದವರು ಯಾರು ಎಂದು ಅವನು ನನ್ನನ್ನೇ ಕೇಳಿದ. ಆಮೇಲೆ ಒಂದು ಕೋಳಿ ಕೇಳಿದ.

ವನಜ ಪಾಸಾದಳು. ಶ್ರೀನಿವಾಸಪುರದ ಕಡೆ ಟೀಚರಾದಳು. ಒಂದು ಸಲ ಬಂದಾಗ ಹೇಳಿದಳು, ಆ ಮೇಷ್ಟ್ರು ಒಂದು ವಾರ ರಜ ಹಾಕಿ ಆಮೇಲೆ ಕೆಲಸಕ್ಕೆ ಬಂದರಂತೆ, ಮಾತೂ ಆಡುತ್ತಾರಂತೆ. ಆದರೆ ತಾವಾಗಿ ಮೊದಲು ಆಡುವುದಿಲ್ಲವಂತೆ. ಯಾರಾದರೂ ಒಂದು ಮಾತು ಅಂದ ಮೇಲೆಯೇ ಅವರದ್ದು.

ಅವರು ಬರೆದ ಕಾಗದವನ್ನು ಹೆಡ್ಮೇಷ್ಟ್ರು ಅವತ್ತೇ ಜಗುಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದ್ದರು. ಶಿಕ್ಷಕಿಯ ತರಗತಿ ನಿರ್ವಹಣೆ ಅತ್ಯುತ್ತಮ, ಸಜೀವ ಬೋಧನೋಪಕರಣದ ಬಳಕೆ ಮೆಚ್ಚತಕ್ಕದ್ದು ಎಂದೆಲ್ಲ ಇತ್ತು. ಕೊನೆಗೆ ಒಂದು ಸಾಲು: ಶಾಲೆಯ ಅಡುಗೆಯ ಹೆಂಗಸು ಕೂಡ ಅಪರೂಪದ ಶಿಸ್ತಿನವಳು, ಪಾಠದ ವೇಳೆ ತುಟಿ ಬಿಚ್ಚದೆ ನಿಂತಿದ್ದಳು. ಊರವರು ಬಿದ್ದು ಬಿದ್ದು ನಕ್ಕರು. ಈ ಜೀವಮಾನದಲ್ಲಿ ಸರ್ಕಾರದವರಿಂದ ನನಗೆ ಬಂದ ಹೊಗಳಿಕೆ ಅದೊಂದೇ.

ಈಗ ನನಗೆ ವಯಸ್ಸಾಗಿದೆ. ಯಾರ ಮನೆಗಾದರೂ ಹೋದರೆ, ಒಳಗೆ ಜನರಿದ್ದೂ ಸದ್ದಿಲ್ಲದಿದ್ದರೆ, ನಾನು ಹೊಸ್ತಿಲಲ್ಲೇ ನಿಲ್ಲುತ್ತೇನೆ, ಬಾಯಿ ಬಿಡುವುದಿಲ್ಲ. ಮೂಲೆ ನೋಡುತ್ತೇನೆ. ಜನ ನನ್ನ ಕಡೆ ತಿರುಗಿ, “ನೋಡ್ರೇ, ಮುದುಕಿ ಮೆತ್ತಗಾದ್ಳು, ಮೊದಲಿನ ಬಾಯಿ ಎಲ್ಲಿ ಹೋಯ್ತೋ” ಎನ್ನುತ್ತಾರೆ. ಅನ್ನಲಿ. ಅಂದವರು ಮೊದಲು ಬಾಯಿ ಬಿಟ್ಟರಲ್ಲ, ನನಗೆ ಅಷ್ಟು ಸಾಕು.